ಭಂಡಾರ ಬಿದ್ದ ಗಾಯರಾಣ

ಸಸಿಗಳು ಪುಕ್ಕಟೆ ಸಿಕ್ಕಿದ್ದವು. ಅವನ್ನು ರಾಯಬಾಗದಿಂದ ದಿಗ್ಗೇವಾಡಿಗೆ ತಂದ ಟ್ರ್ಯಾಕ್ಟರು, ಅದರ ಡೀಸೆಲ್ಲು ಎರಡೂ ಕಬ್ಬು ಬೆಳೆಯುವ ಮುರಗೆಪ್ಪನವು. ಗುಂಡಿ ತೋಡಿದವರಿಗೆ ಮನೆಮನೆಯಿಂದ ಚಹಾ, ಚುರುಮುರಿ ಬಂತು. ರೊಕ್ಕ ಕೊಟ್ಟು ತಂದದ್ದೆಂದರೆ ಎಂಟಾಣೆಯ ಭಂಡಾರ, ದೇವರ ಅರಿಸಿನದ ಪುಡಿ. ಕೊನೆಗೆ ಎಲ್ಲಕ್ಕಿಂತ ತುಟ್ಟಿಯಾದದ್ದೂ ಅದೇ.

ಅದು ಎಂಬತ್ತೇಳರ ಮಾತು. ಕೃಷ್ಣೆಯ ದಂಡೆಗುಂಟ ಕಬ್ಬು ಹಬ್ಬಿದ ಮೇಲೆ ಊರ ಕುರಿ, ದನಗಳಿಗೆ ಉಳಿದದ್ದು ದಿನ್ನೆಯ ಮೇಲಿನ ಗಾಯರಾಣ ಎಂಬ ಗೋಮಾಳವೊಂದೇ. ಎಲ್ಲರ ದನ ಮೇದು ಮೇದು ಅದು ಅಂಗೈಯಂತೆ ಬೋಳಾಗಿತ್ತು. ಅಲ್ಲಿ ಗಿಡ ಹಚ್ಚಬೇಕು, ಮೂರು ಮಳೆಗಾಲ ಯಾರೂ ಮೇಯಿಸಬಾರದು ಎಂದು ಊರು ಗೊತ್ತುಮಾಡಿತು. ಬೇಲಿ ಹಾಕಿದರೆ ಕೀಳುವವರಿದ್ದರು. ಬೀರಪ್ಪನ ಹೆಸರಿನಲ್ಲಿ ಅರಿಸಿನದ ಭಂಡಾರ ಚೆಲ್ಲಿದ ಎಲ್ಲೆಯನ್ನು ಮಾತ್ರ ಯಾರೂ ದಾಟುವುದಿಲ್ಲ. ಅದನ್ನು ಚೆಲ್ಲಬೇಕಾದವಳು ಸತ್ತೆವ್ವ. ಬೀರಪ್ಪನ ಪೂಜೆ ಅವಳ ಮನೆತನದ್ದು. ಊರಿನ ದೊಡ್ಡ ಕುರಿಹಟ್ಟಿಯೂ ಅವಳದೇ. ಗಂಡ ಬಿಟ್ಟುಹೋದ ಆಸ್ತಿ ಅದೊಂದೇ.

“ಮೂರು ಮಳಿಗಾಲ ಅಷ್ಟ, ಸತ್ತೆವ್ವ,” ಎಂದ ಮುರಗೆಪ್ಪ.

“ಅಲ್ಲೀ ಮಟಾ ನನ್ನ ಕುರಿ ಏನ್ ತಿನ್ನಬೇಕ್ರಿ ಅಣ್ಣಾ, ನಿಮ್ಮ ರುಮಾಲ?”

“ನನ್ನ ಹೊಲದಾಗಿನ ಕಬ್ಬಿನ ತುದಿ ಸೋಗಿ, ವಾಡಿ ಒಯ್ಯಿ. ಕುರಿಗೂ ಸಕ್ಕರಿ ಬ್ಯಾನಿ ಬರಲಿ!”

ಜನ ನಕ್ಕರು. ಆ ನಗು ಸತ್ತೆವ್ವನಿಗೆ ಮುಳ್ಳಿನಂತೆ ನೆಟ್ಟಿತು. ಎಲ್ಲೆಗುಂಟ ಭಂಡಾರ ಚೆಲ್ಲುತ್ತ ಕೂಗಿದಳು: “ಮೂರು ಮಳಿಗಾಲ ಇದರಾಗ ಕುರಿ ಇಳೀಬಾರದು, ದನ ಇಳೀಬಾರದು. ಮನಶ್ಯಾನ ಕಾಲೂ ಬೀಳಬಾರದು!”

ಕೊನೆಯ ಮಾತನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅದು ಆ ನಗುವಿನ ಸಿಟ್ಟಿಗೆ ಬಾಯಿಂದ ಬಿದ್ದದ್ದು. ಎಲ್ಲರೂ “ಚಾಂಗಭಲೋ” ಎಂದು ಜೈಕಾರ ಹಾಕಿ ಕೈಮುಗಿದರು. ಆಮೇಲೆ ಒಳಗಿದ್ದ ಗುಂಡಿಗಳನ್ನೂ ಹೊರಗಿದ್ದ ಸಸಿಗಳನ್ನೂ ನೋಡಿದರು.

“ಸಸಿ ತಾವ ನಡಕೊಂತ ಹೋಗ್ತಾವೇನ ಸತ್ತೆವ್ವ?” ಎಂದಳು ಮುರಗೆಪ್ಪನ ಹೆಂಡತಿ ಗಿರಿಜವ್ವ.

ಬಿದ್ದ ಭಂಡಾರ ಬಿದ್ದದ್ದೇ. ಸಸಿಗಳು ಗುಡಿಯ ಗೋಡೆಗೆ ಒರಗಿ ಒಣಗಿದವು. ಎಲ್ಲ ನೀಲಗಿರಿ, ಕುರಿಗಳು ಮೂಸಿಯೂ ನೋಡಲಿಲ್ಲ. ಊರು ಸತ್ತೆವ್ವನತ್ತ ಸೊಟ್ಟ ಮುಖ ಮಾಡಿತು. ಅವಳಿಗೂ ಅನ್ನ ಸೇರದಾಯಿತು. ತನ್ನ ಕುರಿಗಳ ಬಾಯಿಯನ್ನೂ ಕಟ್ಟಿ, ಊರಿಗೂ ಗಿಡ ಇಲ್ಲದಂತೆ ಮಾಡಿದ್ದಳು.

ಮೊದಲ ಮಳೆ ಬಿದ್ದ ಮೇಲೆ ಹಟ್ಟಿ ಕಸ ಬಳಿಯುವಾಗ ಹಿಕ್ಕೆಯ ತಿಪ್ಪೆಯಲ್ಲಿ ಹಸಿರು ಕಂಡಿತು. ಕುರಿಗಳು ತಿಂದ ಜಾಲಿಕಾಯಿಯ ಬೀಜ ಮೊಳೆತಿತ್ತು. ಸತ್ತೆವ್ವ ಆ ಹಿಕ್ಕೆಯನ್ನು ಬುಟ್ಟಿ ತುಂಬಿಕೊಂಡು ಗಿರಿಜವ್ವನ ಬಾಗಿಲಿಗೆ ಹೋದಳು.

“ವೈನಿ, ಜ್ವಾಳದ ಹೊಲದಾಗ ಹಕ್ಕಿ ಹೊಡಿಯೂ ಕವಣಿ ಎಲ್ಲೈತ್ರಿ?”

“ಯಾಕ, ಯಾರ ತಲಿ ಒಡಿಯಾಕಿ?”

“ಕಾಲ ಇಡಬಾರದಂತ ಅಂದೀನಿ. ಕೈ ಬೀಸಬಾರದಂತ ಅಂದಿಲ್ಲಲ್ಲ!”

ಹಿಕ್ಕೆ, ಮಣ್ಣು ಕಲಸಿ, ಜಾಲಿ, ಬಾರಿ, ಬೇವಿನ ಬೀಜ ಇಟ್ಟು ಹೆಂಗಸರು ಉಂಡೆ ಕಟ್ಟಿದರು. ಎಲ್ಲೆಯ ಹೊರಗೆ ಸಾಲಾಗಿ ನಿಂತು ಕವಣೆ ಬೀಸಿದರು. ಮುರಗೆಪ್ಪ ಬೀಸಿದ ಉಂಡೆ ಹಿಂದಕ್ಕೆ ಹಾರಿ ಅವನದೇ ಎತ್ತಿಗೆ ಬಡಿಯಿತು. “ಎತ್ತಿನ ಮ್ಯಾಲೆ ಬೇವ ಬೆಳೀತೈತಿ, ನೆರಳಾಗ ಕುಂದರ್ರಿ!” ಎಂದಳು ಗಿರಿಜವ್ವ. ಆ ಸಲದ ನಗುವಿನಲ್ಲಿ ಸತ್ತೆವ್ವನೂ ಇದ್ದಳು.

ಮುರಗೆಪ್ಪ ಮಾತಿಗೆ ತಪ್ಪದೆ ವಾಡೆ ಕೊಟ್ಟ. ಆದರೆ ಅದು ಕಬ್ಬು ಕಡಿಯುವ ಕಾಲದ ಮಾತು. ಉಳಿದ ತಿಂಗಳು ಕುರಿಗಳನ್ನು ಎಲ್ಲಿಗೆ ಹೊಡೆಯಬೇಕು? ಹೊಳೆಯ ಎರಡೂ ಬದಿ ಕಬ್ಬೇ. ಮೊದಲ ವರ್ಷ ಸತ್ತೆವ್ವ ಮರಿಗಳನ್ನು ಮಾರಿದಳು, ಮರುವರ್ಷ ತಾಯಿಗಳನ್ನು. ಮೂರನೆಯ ಮಳೆಗಾಲ ಮುಗಿಯುವ ಮುಂಚೆ ಹಟ್ಟಿ ಬರಿದಾಯಿತು. ಅಷ್ಟಾದರೂ ಒಂದು ದಿನವೂ ಕುರಿಗಳನ್ನು ಎಲ್ಲೆ ದಾಟಿಸಲಿಲ್ಲ.

ಗಾಯರಾಣ ತೆರೆದ ದಿನ ಹುಲ್ಲು ಮೊಣಕಾಲಿಗೆ ಬಡಿಯುತ್ತಿತ್ತು. ಎಲ್ಲರೂ ದನ ಹೊಡೆದುಕೊಂಡು ಬಂದರು. ಸತ್ತೆವ್ವ ಬರೀ ಕೋಲು ಹಿಡಿದು ಬಂದಳು.

ಮುಂದೆ ಎಷ್ಟೋ ವರ್ಷ ಮಧ್ಯಾಹ್ನ ಅಲ್ಲಿಗೇ ಬಂದು ಕೂಡುತ್ತಿದ್ದಳು. ಒಮ್ಮೆ ಗಿರಿಜವ್ವನಿಗೆ ಒಂದು ಸೊಟ್ಟ ಜಾಲಿ ತೋರಿಸಿದಳು. “ಇದರ ಕಾಯಿ ತಿಂದಿದ್ದು ನನ್ನ ಕರಿಮೂತಿ ಕುರಿ.”

“ನಿನಗ ಹೆಂಗ ಗೊತ್ತ?”

“ಅದೂ ಹಿಂಗ, ಒಮ್ಮೀನೂ ನೆಟ್ಟಗ ನಡೀಲಿಲ್ಲ.”

ಊರಿಗೆ ಹುಲ್ಲು, ನೆರಳು, ಬಾರಿಹಣ್ಣು ಸಿಕ್ಕವು. ದಿನ್ನೆಯ ಕೆಳಗಿನ ಬಾವಿಯಲ್ಲಿ ಬೇಸಿಗೆಗೂ ನೀರು ನಿಂತಿತು. ಸತ್ತೆವ್ವನ ಹಟ್ಟಿ ಹೋಯಿತು. ಮತ್ತೆ ಕಟ್ಟಲು ಅವಳಿಂದಾಗಲಿಲ್ಲ.