ಕಿಟಕಿಯ ಮಾತು

"ಆ ಹುಡಗ ಯಾವ ಊರಾಂವ್ರಿ?" ಧರೆಪ್ಪ ಎರಡನೆಯ ಸಲ ಕೇಳಿದ.

ನೀಲಮ ಟೀಚರು ನಾಟಕದ ತಾಲೀಮು ನಿಲ್ಲಿಸಿ, ಅವನು ಜರ್ಮನಿಯವನು, ಯಹೂದಿ, ಹೆಸರು ರೂಬೆನ್, ಹಿಟ್ಲರನ ಕಾಲದ ಕಥೆ ಎಂದು ಮತ್ತೆ ತಿಳಿಸಿ ಹೇಳಿದಳು. ಧರೆಪ್ಪ ತಲೆಯಾಡಿಸಿದ, ನಂಬಲಿಲ್ಲ. ಬೇಡಕಿಹಾಳದ ಈ ಶಾಲೆಯ ಕಮಿಟಿಗೆ ಚೇರಮನ್ ಆದಾಗಿನಿಂದ ವರ್ಷಾವರ್ಷದ ಗ್ಯಾದರಿಂಗಿನ ನಾಟಕಗಳನ್ನೆಲ್ಲ ನೋಡಿದ್ದ. ಜರ್ಮನಿ ಊರಿಗೆ ಬಂದದ್ದು ಇದೇ ಮೊದಲು. ಅದೂ ರಾಜಾರಾಮನ ಮಗ ಸುರಜ ಹಾರ್ಮೋನಿಯಂ ಪೇಟಿ ಹಿಡಿದು ಕೂತ ವರ್ಷವೇ.

ಸುರಜ ಪೇಟಿ ನುಡಿಸುತ್ತ ರೂಬೆನ್ನನ ಮಾತು ಆಡುತ್ತಿದ್ದ. ಹಾಲುಹಲ್ಲು ಬೀಳುವ ಮೊದಲೇ ಪಿಯಾನೊ ಕಲಿತ ಹುಡುಗ ರೂಬೆನ್. ಒಂದು ದಿನ ಶಾಲೆಯಿಂದ ಹೆಸರು ತೆಗೆದರು. ಕಲಿಸಿದ ಗುರು ಎದುರಿಗೆ ಬಂದರೂ ಗುರುತು ಹಿಡಿಯಲಿಲ್ಲ. ಅಪ್ಪನ ಅಂಗಡಿಯ ಗಾಜು ಒಡೆದರು, ಅಪ್ಪನನ್ನು ಒಯ್ದರು. ಹುಡುಗ ಆಮೇಲೂ ನುಡಿಸಿದ, ಸಣ್ಣ ದನಿಯಲ್ಲಿ. ನಿತ್ಯ ಕೇಳಿ ತಲೆದೂಗುತ್ತಿದ್ದ ಎದುರುಮನೆಯವರು ಎದ್ದು ಬಂದು ಕಿಟಕಿ ಮುಚ್ಚಿಕೊಂಡರು.

ಅಲ್ಲಿಗೆ ಧರೆಪ್ಪನ ಕಿವಿ ಬಿಸಿಯಾಯಿತು. ಹೋದ ಶ್ರಾವಣದಲ್ಲಿ ಗುಡಿಯ ಭಜನೆಗೆ ಪೇಟಿಯವನು ಬಂದಿರಲಿಲ್ಲ. ಧರೆಪ್ಪನ ಮಗ ರೋಹನನೇ ತನ್ನ ಕ್ಲಾಸಿನ ಸುರಜನನ್ನು ಕರೆತಂದಿದ್ದ. ಹುಡುಗ ಚೆನ್ನಾಗಿಯೇ ನುಡಿಸಿದ. ಆದರೆ ಬೌದ್ಧರಾದ ದಲಿತರ ಓಣಿಯವನು ಗುಡಿಯೊಳಗೆ ಕೂತನೆಂದು ಹಿರಿಯರಲ್ಲಿ ಗುಸುಗುಸು ಎದ್ದಿತು. ಧರೆಪ್ಪ ಬೈಯಲಿಲ್ಲ, ಕೈ ಮಾಡಲಿಲ್ಲ. ಸಾಕಪ್ಪಾ, ಹೊರಗೆ ಕಟ್ಟೆಯ ಮೇಲೆ ಕೂತು ಕೇಳು ಎಂದಿದ್ದ, ಅಷ್ಟೇ. ಅಷ್ಟಕ್ಕೆ ಜರ್ಮನಿಯನ್ನು ಇಲ್ಲಿಗೆ ತರುವುದೇ? ರಾಜಾರಾಮ ಹೇಳಿಕೊಟ್ಟನೇ? ರೋಹನನೂ ಇದರೊಳಗೆ ಇದ್ದಾನೆಯೇ?

ಅವನು ವೇದಿಕೆಯ ಹತ್ತಿರ ಹೋದ. "ಟೀಚರ್, ಆ ಕಿಟಕಿ ಮಾತ ತಗೀರಿ."

"ಅದು ಅಲ್ಲಿ ನಡದದ್ದರಿ, ಚೇರಮನ್ರ."

"ಅಲ್ಲಿ ನಡದೈತಿ, ಖರೆ. ಇಲ್ಲ್ಯಾಕ ಹೇಳ್ತೀರಿ?"

ಸುರಜ ಪೇಟಿಯಿಂದ ಕೈ ತೆಗೆದು ಮೆಲ್ಲಗೆ ಹೇಳಿದ: "ತಗದ್ರ ನಡಿತೈತ್ರಿ, ಕಾಕಾ. ಆದ್ರ ಮುಂದ ಆ ಹುಡಗ ಒಬ್ಬನ ಕುಂತ ಬಾರಸ್ತಾನ. ಯಾಕ ಅಂತ ಮಂದಿಗಿ ತಿಳಿಯೂದಿಲ್ಲ."

ಧರೆಪ್ಪ ಹುಡುಗನ ಮುಖದಲ್ಲಿ ಕೊಂಕು ಹುಡುಕಿದ. ಸಿಗಲಿಲ್ಲ. ಸಿಕ್ಕಿದ್ದರೆ ಬೈದು ಹಗುರಾಗಬಹುದಿತ್ತು. ಏನು ಬೇಕಾದರೂ ಮಾಡಿಕೊಳ್ಳಿರೆಂದು ಹೊರಗೆ ನಡೆದ.

ಬಾಗಿಲಲ್ಲಿ ಒಂದು ಚಪ್ಪಲಿ ಮೆಟ್ಟಿದ್ದ, ಇನ್ನೊಂದಕ್ಕೆ ಕಾಲು ಚಾಚಿದ್ದ. ಒಳಗೆ ಪೇಟಿ ಮತ್ತೆ ಸುರುವಾಯಿತು. ಅಷ್ಟರಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರೊಂದು ರಸ್ತೆಯಲ್ಲಿ ಗುಡುಗುತ್ತ ಬಂತು, ಪೇಟಿ ಕೇಳಿಸದಾಯಿತು. ಅದು ದಾಟಿಹೋಗುವವರೆಗೆ ಧರೆಪ್ಪ, ಬರಿಗಾಲೊಂದನ್ನು ತಣ್ಣನೆಯ ಕಲ್ಲಿನ ಮೇಲಿಟ್ಟು, ಕಾದು ನಿಂತ.