ಎರಡು ಬೆರಳು ಎತ್ತರ

ನೀಲವ್ವ ಜೀಪಿನ ಹೊಸ ಟೈರುಗಳಿಗೆ ಒಂದೊಂದಾಗಿ ವಿಭೂತಿ ಬಳಿದು ಕುಂಕುಮ ಹಚ್ಚಿದಳು. ಹಳೆಯವಕ್ಕಿಂತ ದೊಡ್ಡ ಟೈರುಗಳು. ಊರವರ ಕಣ್ಣು ತಾಕಬಾರದೆಂದು ಗಂಡ ಮುರಿಗೆಪ್ಪ ನಿನ್ನೆ ಮಿಸ್ತ್ರಿಯನ್ನು ಕರೆಸಿ, ವಾಡೆಯ ಬಾಗಿಲು ಹಾಕಿಕೊಂಡು, ಅಂಗಳದೊಳಗೇ ಹಾಕಿಸಿದ್ದ.

ಹತ್ತಕ್ಕೆ ಇಂಡಿಯಲ್ಲಿ ಅವಳ ಎಸ್ಸೆಸ್ಸೆಲ್ಸಿ ಪರೀಕ್ಷೆ. ಮದುವೆಗೆಂದು ಶಾಲೆ ಬಿಡಿಸಿ ಆರು ವರ್ಷದ ಮೇಲೆ ಮನೆಯವರು ಹೂಂ ಅಂದಿದ್ದರು. ಆದರೆ ಜೀಪಿನಲ್ಲೇ ಹೋಗಬೇಕು.

ಜೀಪು ಹೊರಟಿತು. ತಲೆಬಾಗಿಲ ಮೇಲಿನ ಕಲ್ಲಿಗೆ ಅದರ ಟಾಪು ಕರ್ರೆಂದು ತಾಗಿ, ಬಾಗಿಲಿಗೇ ಅಡ್ಡವಾಗಿ ನಿಂತಿತು. ಎರಡೇ ಬೆರಳು ಎತ್ತರ ಹೆಚ್ಚಾಗಿತ್ತು.

“ದೊಡ್ಡ ಗಾಲಿ ಬೇಕಂತ ಕುಣದಿ. ಈಗ ದನದ ಜೋಡಿ ಕಟ್ಟು ಇದನ್ನ,” ಎಂದರು ಮಾವ ಮಡಿವಾಳಪ್ಪ.

“ಕಲ್ಲ ತಗ್ಗೈತಿ, ಅಪ್ಪಾ. ಒಡಸೂಣು.”

“ನಿಮ್ಮ ಮುತ್ತ್ಯಾ ಇಡಿಸಿದ ಕಲ್ಲೋ ಅದು! ಹಳೇ ಟೈರ ಹಾಕು.”

“ಅವನ್ನ ಮಿಸ್ತ್ರಿ ಒಯ್ದಾನ.”

“ನಾ ಬಸ್ಸಿಗಿ ಹೋಗ್ಲೇನ್ರಿ?” ನೀಲವ್ವ ಅತ್ತೆಯನ್ನು ಕೇಳಿದಳು.

“ಗೌಡರ ಸೊಸಿ ಸ್ಟ್ಯಾಂಡಿನ್ಯಾಗ ನಿಂದರತಾಳಂತ! ಸುಮ್ಮನಿರು.”

ಒಂಬತ್ತಾಯಿತು. ತಂದೆ ಮಗ ಇನ್ನೂ ಕಲ್ಲಿನ ಕೆಳಗೆ ನಿಂತು ಜಗಳಾಡುತ್ತಿದ್ದರು. ನೀಲವ್ವ ಕಲ್ಲನ್ನು ಬಿಟ್ಟು ಟೈರುಗಳನ್ನೇ ನೋಡುತ್ತಿದ್ದಳು. ಬಿರುಸಾಗಿ ಉಬ್ಬಿ ನಿಂತಿದ್ದವು. ಹಾಲ್‌ಟಿಕೆಟ್ಟು ಅವಳ ಮುಷ್ಟಿಯಲ್ಲಿ ಒದ್ದೆಯಾಗಿತ್ತು. ಸೆರಗು ಸರಿಮಾಡಿಕೊಂಡು ಒಮ್ಮೆ ಹೇಳಿದಳು. ಇಬ್ಬರೂ ತಿರುಗಲಿಲ್ಲ. ಮತ್ತೊಮ್ಮೆ, ತುಸು ಗಟ್ಟಿಯಾಗಿ ಹೇಳಿದಳು:

“ಮಾವಾರ, ಟೈರಿನ ಗಾಳಿ ಒಂದೀಟ ಬಿಡ್ರಿ.”