ಏಳನೇ ಕಂಬ

ಚರ್ಚಿನ ಶೌಚಾಲಯದಲ್ಲಿ ಲವಾನ್ ನಲ್ಲಿಯನ್ನು ಪೂರ್ತಿ ತಿರುಗಿಸಿ, ನೀರಿನ ಸದ್ದಿನ ಮರೆಯಲ್ಲಿ ಕನ್ನಡಿಗೆ ಹೇಳಿದಳು: "ಹನ್ನೆರಡು... ಹನ್ನೆರಡು, ಕೇಳಿಸ್ತಿದೆಯಾ?"

ಮೂರನೆಯ ಸಲ ಕರೆಯಲು ಬಾಯಿ ತೆರೆದಳು. ಅಷ್ಟರಲ್ಲಿ ಬಾಗಿಲ ಮೇಲೆ ಗುದ್ದು.

"ಅಲ್ಲೇ ಸಂಸಾರ ಹೂಡಿದ್ಯೇನೇ ಮಾರಾಯ್ತಿ? ಸತ್ತಿರೋದು ನನ್ನ ಗಂಡ, ಅಳೋ ಜಾಗ ಹಿಡ್ಕೊಂಡಿರೋಳು ನೀನು!"

ಆರ್ಡಿತ್, ಗಾರ್ಲಂಡನ ಹೆಂಡತಿ. ಬಾಗಿಲು ತೆರೆದ ಕೂಡಲೇ ಅವಳು ಲವಾನಳ ಕೈ ಹಿಡಿದುಕೊಂಡಳು. "ಅಯ್ಯೋ, ಮಂಜುಗಡ್ಡೆ! ಹೆದರಬೇಡ. ಇಷ್ಟು ವರ್ಷ ಅವನು ನನ್ನ ಮಾತಿಗಿಂತ ರೇಡಿಯೋದಲ್ಲಿ ನಿನ್ನ ಮಾತನ್ನೇ ಕೇಳಿದ್ದು. ಇವತ್ತೂ ನೀನೇ ಕರಿ."

ಚರ್ಚಿನ ನೆಲಮಾಳಿಗೆಯಲ್ಲಿ ಆಲೂಗಡ್ಡೆ, ಹಂದಿಮಾಂಸ, ಒದ್ದೆ ಕೋಟುಗಳ ವಾಸನೆ ಕಲೆತಿತ್ತು. ಗಾರ್ಲಂಡನ ಜೊತೆಗಾರರಾದ ವಿಶ್ವವಿದ್ಯಾಲಯದ ಪೊಲೀಸರು ಒಂದು ಮೂಲೆ ಹಿಡಿದಿದ್ದರು.

"ಕಾರೊಳಗೆ ಕೀಲಿ ಬಿಟ್ಟು ಬಾಗಿಲು ಹಾಕೋದು ನನ್ನ ಕಸುಬು, ತೆಗೆಯೋದು ಗಾರ್ಲಂಡ್ ಕಸುಬು," ಎಂದರು ಪ್ರೊಫೆಸರ್ ಹ್ಯಾಸ್ಕಿನ್. "ಒಂದು ದಿನಾನೂ ಬೈಲಿಲ್ಲ. ನಗ್ತಿದ್ದ, ಅದು ಇನ್ನೂ ಕೆಟ್ಟದ್ದು."

"ಊರ ಪೊಲೀಸನೊಬ್ಬ ಕೇಳಿದ್ನಲ್ಲ," ಮುಖ್ಯಾಧಿಕಾರಿ ಟೊಮಾಸೆಕ್ ಶುರುಮಾಡಿದ, "'ನಿಮಗೇನ್ರಯ್ಯಾ, ಕ್ಯಾಂಪಸ್ಸಲ್ಲಿ ಅಳಿಲು ಹಿಡಿಯೋ ಕೆಲಸ' ಅಂತ. ಗಾರ್ಲಂಡ್ ಅಂದ: 'ಹೌದಪ್ಪಾ, ಒಂದು ತಪ್ಪಿಸ್ಕೊಂಡು ನಿಮ್ಮ ಠಾಣೆ ಸೇರಿದೆ!'"

ಎಲ್ಲರೂ ನಕ್ಕರು. ನಗು ಇಳಿದ ಮೇಲೆ ಯಾರೋ ಹೇಳಿದರು: "ಪುಣ್ಯವಂತ. ಒಂದೇ ಏಟಿಗೆ ಎದೆ ನಿಂತುಹೋಯ್ತು. ಯಾರನ್ನೂ ಕರೆಯೋ ಹೊತ್ತಿರಲಿಲ್ಲ."

ಲವಾನ್ ಊಟ ಬಿಟ್ಟು ತಟ್ಟೆಯನ್ನು ಕೆಳಗಿಟ್ಟಳು.

*

ಗಾರ್ಲಂಡ್ ಸತ್ತ ದಿನ ಚಳಿಗಾಲದ ರಜೆ, ವಿದ್ಯಾರ್ಥಿಗಳೆಲ್ಲ ಊರಿಗೆ ಹೋಗಿದ್ದರು. ಪೊಲೀಸರ ನಿಯಂತ್ರಣ ಕೊಠಡಿಯಲ್ಲಿ ಲವಾನ್ ಒಬ್ಬಳೇ ಸೂಪು ಕುಡಿಯುತ್ತಿದ್ದಾಗ ಏಳನೇ ಕಂಬ ಕರೆಯಿತು.

ಕ್ಯಾಂಪಸ್ಸಿನ ತುಂಬ ಅಂಥ ಕಂಬಗಳಿದ್ದವು. ಮೇಲೆ ನೀಲಿ ದೀಪ, ಕೆಳಗೆ ಒಂದು ಗುಂಡಿ. ಹೆದರಿದವರು ಅದನ್ನೊತ್ತಿ ನಿಯಂತ್ರಣ ಕೊಠಡಿಯೊಡನೆ ಮಾತಾಡಬಹುದು. ದನಿ ಕೇಳಿಸದಿದ್ದರೂ ಒಬ್ಬರು ಹೋಗಿ ನೋಡಲೇಬೇಕು, ಅದು ನಿಯಮ. ಆದರೆ ಹಸಿರುಮನೆಯ ಹಿಂದಿನ ಏಳನೆಯದು ಹಿಮ ಕಟ್ಟಿದರೆ ತಾನಾಗಿಯೇ ಕರೆಯುತ್ತಿತ್ತು. ಉಳಿದವರು ಶಪಿಸುತ್ತಿದ್ದರು. ಗಾರ್ಲಂಡ್ ಮಾತ್ರ ಪ್ರತಿ ಸಲವೂ ಹೋಗುತ್ತಿದ್ದ. "ಮಗು ಸುಮ್ಮಸುಮ್ಮನೆ ಅಳ್ತಿದೆ ಅಂತ ತೊಟ್ಟಿಲ ಹತ್ರ ಹೋಗದೇ ಇರ್ತಾರಾ, ಲವಾನ್?"

ಅವಳು ಆಲಿಸಿದಳು. ಮಾತಿಲ್ಲ. ಸುಯ್ಯೆನ್ನುವ ಸದ್ದು, ನಿಂತಿತು, ಮತ್ತೆ ಬಂತು. ಗಾಳಿ ಅಂದುಕೊಂಡಳು. ಗಾರ್ಲಂಡನಿಗೆ ಹೇಳಿದರೆ ಈ ಚಳಿಯಲ್ಲಿ, ಆ ಮಂಡಿನೋವಿನಲ್ಲಿ ಮನುಷ್ಯ ಹೊರಟೇಬಿಡುತ್ತಾನೆ. ಪಾಪ, ಬೆಚ್ಚಗಿರಲಿ. ಕರೆಯನ್ನು ಕತ್ತರಿಸಿದಳು.

ಗುಂಡಿಯ ಹಿಮ ಒರೆಸಲು ಗಾರ್ಲಂಡ್ ಆಗಲೇ ಅಲ್ಲಿಗೆ ಹೋಗಿದ್ದ. ಅವನ ರೇಡಿಯೋ ಕಾರಿನಲ್ಲಿ ಚಾರ್ಜಿಗಿತ್ತು. ತೋಟದವರು ಕಂಡಾಗ ಕಂಬಕ್ಕೆ ಒರಗಿ ಕೂತಿದ್ದ, ಗುಂಡಿ ಒತ್ತಲೆಂಬಂತೆ ಬಲಗೈಯ ಕೈಗವಸು ಕಳಚಿತ್ತು. ಹಾಳು ಕಂಬದ ಕರೆಯ ಬಗ್ಗೆ ಲವಾನಳನ್ನು ಯಾರೂ ಕೇಳಲಿಲ್ಲ.

*

ಸ್ಮಶಾನದಲ್ಲಿ ಗಸ್ತಿನ ಕಾರುಗಳು ಬಾಗಿಲು ತೆರೆದು ಸಾಲಾಗಿ ನಿಂತಿದ್ದವು. ಪದ್ಧತಿ ಎಲ್ಲರಿಗೂ ಗೊತ್ತು: ಸತ್ತವನ ಸಂಖ್ಯೆಯನ್ನು, ಗಾರ್ಲಂಡನದಾದರೆ ಹನ್ನೆರಡನ್ನು, ರೇಡಿಯೋದಲ್ಲಿ ಮೂರು ಸಲ ಕರೆಯಬೇಕು, ಉತ್ತರಕ್ಕೆ ಕಾಯಬೇಕು, ಆಮೇಲೆ 'ಪಾಳಿ ಮುಗಿಯಿತು, ಮನೆಗೆ ಹೋಗು' ಎನ್ನಬೇಕು.

ಕರೆದರೆ, ಅವನು ಯಾರನ್ನೂ ಕರೆಯಲಿಲ್ಲವೆಂಬ ಸುಳ್ಳು ಅವನ ಜೊತೆ ಮಣ್ಣಿಗಿಳಿಯುತ್ತದೆ. ಕರೆಯದಿದ್ದರೆ ಆರ್ಡಿತ್ ಏಕೆಂದು ಕೇಳುತ್ತಾಳೆ.

ಟೊಮಾಸೆಕ್ ತಲೆಯಾಡಿಸಿದ. ಎಲ್ಲ ಕಾರುಗಳ ರೇಡಿಯೋಗಳೂ ಒಟ್ಟಿಗೆ ತೆರೆದುಕೊಂಡವು. ಸುಯ್ ಎಂದು ಬಂದ ಸದ್ದು ಗೋರಿಗಳ ನಡುವೆ ಹರಡಿತು. ನಿಂತಿತು, ಮತ್ತೆ ಬಂತು. ಲವಾನಳಿಗದು ಗೊತ್ತಿದ್ದ ಸದ್ದು: ಏಳನೇ ಕಂಬದಿಂದ ಬಂದದ್ದು ಗಾಳಿಯಲ್ಲ, ಅವನ ಉಸಿರು.

"ತಗೋ," ಟೊಮಾಸೆಕ್ ಮೈಕು ಚಾಚಿದ.

"ಹೂಂ, ಕರಿಯೇ," ಆರ್ಡಿತ್ ಪಿಸುಗುಟ್ಟಿದಳು. "ಅವನು ಕಾಯ್ತಿರ್ತಾನೆ."

ಲವಾನ್ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಇಲ್ಲ. ನಾನು ಕರೆಯಲ್ಲ."